ಸಂಸಾರದ ನಡುವೆ ಮುಗಿಲಿನ ಅಭ್ಯಾಸ

ಗಂಗಾವತಿ ತಾಲೂಕಿನ ಶ್ರೀರಾಮನಗರದ ಸುತ್ತಲಿನ ನೆಲವು ತುಂಗಭದ್ರಾ ಎಡದಂಡೆ ಕಾಲುವೆಯ ನೀರುಣ್ಣುವ ಭತ್ತದ ಸೀಮೆಯಾದುದರಿಂದ, ನಾಟಿಗೆ ಮುನ್ನ ನೀರು ಕಟ್ಟಿದ ಗದ್ದೆಗಳಲ್ಲಿ ಮೇಲಿನ ಮುಗಿಲೆಲ್ಲ ಮತ್ತೊಮ್ಮೆ ಕೆಳಗೆ ಕಾಣಿಸುತ್ತದೆ. ಕೊಪ್ಪಳ ಜಿಲ್ಲೆ ಇರುವುದು ಪಶ್ಚಿಮಘಟ್ಟದ ಮಳೆನೆರಳಿನಲ್ಲಿ. ಎಂದರೆ ಮುಂಗಾರಿನ ಗಾಳಿಯು ತನ್ನ ತೇವದ ಬಹುಭಾಗವನ್ನು ಘಟ್ಟಸೀಮೆಯಲ್ಲೇ ಸುರಿದು ಈ ಕಡೆಗೆ ಬರುವ ಪ್ರದೇಶದಲ್ಲಿ. ಆ ಕಾರಣದಿಂದ ಜೂನ್, ಜುಲೈ ತಿಂಗಳುಗಳಲ್ಲಿ ಮೋಡಗಳು ಪಡುವಣದಿಂದ ಮೂಡಣಕ್ಕೆ ಓಡುತ್ತಲೇ ಇರುತ್ತವೆ, ಹನಿ ಬೀಳುವುದು ಕಡಿಮೆ. ಒಣಬೇಸಾಯದವರಿಗೆ ಇದು ಸಂಕಟವೇ ಹೌದು. ಚಿತ್ರ ಕಲಿಯುವವರಿಗೆ ಮಾತ್ರ ಇಷ್ಟು ಧಾರಾಳವಾದ ಪಾಠಶಾಲೆ ಬೇರೆ ಸಿಗಲಾರದು.

ಇಂಥ ಊರಿನಲ್ಲಿ ಅಡುಗೆ, ಮಕ್ಕಳ ಶಾಲೆ, ಹಿರಿಯರ ಔಷಧಿಗಳ ನಡುವೆ ಬಣ್ಣ ಹಿಡಿದ ಪ್ರಸ್ತುತ ಲೇಖಕಿಯ ಅನುಭವ ಹೇಳುವುದೇನೆಂದರೆ, ಸಂಸಾರಸ್ಥರು ತಮಗೆ ಸಿಗುವ ಬಿಡುವಿನ ಅಳತೆಗೆ ಒಗ್ಗುವ ವಸ್ತುವನ್ನು ಆರಿಸಿಕೊಳ್ಳಬೇಕು. ಹತ್ತಿರದ ಆನೆಗೊಂದಿಯ ಕಲ್ಲುಗುಡ್ಡಗಳು ಎಷ್ಟು ದಿನವಾದರೂ ಕದಲದೆ ನಿಂತಿರುತ್ತವೆ, ಆದರೆ ಬಂಡೆಯ ಮೇಲೆ ಬಂಡೆ ಕೂತ ಆ ತೂಕವನ್ನು ಕಾಗದಕ್ಕೆ ತರಲು ಅಡಚಣೆಯಿಲ್ಲದ ಇಡೀ ಬೆಳಗು ಬೇಕು. ಮುಗಿಲಾದರೋ ತಾನೇ ಕೆಲವು ನಿಮಿಷಗಳಲ್ಲಿ ರೂಪ ಬದಲಿಸುವುದರಿಂದ, ಕುಕ್ಕರಿನ ಸೀಟಿ ಕೂಗಿ ಎದ್ದು ಹೋದವರಿಗೆ ನಷ್ಟವೇನೂ ಆಗುವುದಿಲ್ಲ.

ಮುಗಿಲಿನ ಅಭ್ಯಾಸವು ಸಂಸಾರದ ಕಾರಣದಿಂದಲೇ ಒದಗಿಬಂದದ್ದೂ ಉಂಟು. ಇಂಗ್ಲೆಂಡಿನ ನಿಸರ್ಗ ಚಿತ್ರಕಾರ ಜಾನ್ ಕಾನ್‌ಸ್ಟೇಬಲ್ ತನ್ನ ಪ್ರಸಿದ್ಧ ಮೋಡದ ಅಭ್ಯಾಸಚಿತ್ರಗಳನ್ನು, ಎಂದರೆ ದೊಡ್ಡ ಕೃತಿಗೆ ಮುನ್ನ ಕೈ ಪಳಗಿಸಿಕೊಳ್ಳಲು ಬರೆಯುವ ಚಿಕ್ಕ ಚಿತ್ರಗಳನ್ನು, 1821 ಮತ್ತು 1822ರಲ್ಲಿ ಲಂಡನ್ ಬಳಿಯ ಹ್ಯಾಂಪ್‌ಸ್ಟೆಡ್‌ನಲ್ಲಿ ಬರೆದನು. ಅವನು ಆ ಎತ್ತರದ ಊರಿಗೆ ಹೋದದ್ದು ಮೋಡ ಹುಡುಕಿಕೊಂಡಲ್ಲ, ಹೆಂಡತಿ ಮರಿಯಾಳ ಆರೋಗ್ಯಕ್ಕೆ ಒಳ್ಳೆಯ ಗಾಳಿ ಬೇಕೆಂದು. ಅನೇಕ ಚಿತ್ರಗಳ ಹಿಂಬದಿಯಲ್ಲಿ ಅವನು ದಿನಾಂಕ, ಹೊತ್ತು, ಗಾಳಿಯ ದಿಕ್ಕನ್ನು ಗುರುತು ಹಾಕಿಟ್ಟನು. ಈ ರೂಢಿಯನ್ನು ಅನುಸರಿಸಿದ ಲೇಖಕಿಗೆ, ಹಾಳೆ ಅರ್ಧಕ್ಕೇ ನಿಂತರೂ ಹಿಂಬದಿಯ ಬರಹದ ಬಲದಿಂದ ರಾತ್ರಿ ಅದನ್ನು ಮುಂದುವರಿಸುವುದು ಸಾಧ್ಯವಾಯಿತು.

ಹೀಗೆ ನೆನಪಿನಿಂದ ಬರೆಯಬೇಕಾದರೆ ಮೋಡದ ರಚನೆ ತಿಳಿದಿರಬೇಕು. 1802ರಲ್ಲಿ ಲ್ಯೂಕ್ ಹೋವರ್ಡ್ ಎಂಬವನು ಮೋಡಗಳನ್ನು ಆಕಾರದ ಮೇಲೆ ವಿಂಗಡಿಸಿದಾಗ ಮುಖ್ಯವಾಗಿ ಹೇಳಿದ್ದು ಎಳೆ ಹಿಂಜಿದಂಥವು, ರಾಶಿ ಬಿದ್ದಂಥವು, ಪದರವಾಗಿ ಹರಡಿದಂಥವು ಎಂಬ ಮೂರು ಬಗೆ. ನೆಲದ ಬಿಸಿಗೆ ಮೇಲೇರುವ ಗಾಳಿ ಹೆಚ್ಚುಕಡಿಮೆ ಒಂದೇ ಎತ್ತರದಲ್ಲಿ ತಣಿದು ಅದರ ಆವಿ ಹನಿಗಟ್ಟುವುದರಿಂದ ರಾಶಿಮೋಡದ ತಳ ಚಪ್ಪಟೆಯಾಗಿರುತ್ತದೆ. ಇದನ್ನು ಅರಿಯದೆ ಸುತ್ತಲೂ ದುಂಡಗೆ ತಿದ್ದಿದ ಮೋಡವು ಹತ್ತಿಯ ಉಂಡೆಯಾಗಿಬಿಡುತ್ತದೆ.

ಕಲೆಗೆ ಮನೆಯಿಂದ ದೂರವಾದ ಏಕಾಂತವೇ ಬೇಕೆಂಬ ಮಾತನ್ನು ಇದೇ ಕೊಪ್ಪಳ ಜಿಲ್ಲೆಯ ಕಿನ್ನಾಳ ಗ್ರಾಮ ಒಪ್ಪುವುದಿಲ್ಲ. ಅಲ್ಲಿನ ಚಿತ್ರಗಾರ ಮನೆತನಗಳಲ್ಲಿ ಹಗುರ ಮರದ ಗೊಂಬೆಗಳಿಗೆ ಹುಣಸೆಬೀಜದ ಅಂಟು ಕಾಯಿಸುವುದರಿಂದ ಹಿಡಿದು ಬಣ್ಣ ಹಚ್ಚುವವರೆಗಿನ ಕೆಲಸ ಮನೆಯೊಳಗೇ, ಮನೆಮಂದಿಯ ಕೈಯಲ್ಲೇ ನಡೆದುಬಂದಿದೆ.

ಆದರೂ ಮನೆಗೂ ಮುಗಿಲಿಗೂ ನಿಜವಾದ ಜಗಳ ಹತ್ತುವ ಕಾಲವೊಂದಿದೆ. ನವೆಂಬರಿನ ಕೊಯ್ಲಿನ ಹೊತ್ತಿಗೆ ಬಂಗಾಳಕೊಲ್ಲಿಯಲ್ಲಿ ವಾಯುಭಾರ ಕುಸಿದರೆ ಮೂಡಣದಿಂದ ಸೀಸದ ಬಣ್ಣದ ಮೋಡ ಕವಿಯುತ್ತದೆ. ವರ್ಷದ ಅತ್ಯಂತ ಗಾಢವಾದ ಆ ಬಣ್ಣಗಳು ಕಾಣಿಸಿಕೊಂಡಾಗ ಮನೆಯವರೆಲ್ಲ ಒಣಹಾಕಿದ ಭತ್ತವನ್ನು ರಾಶಿಗೂಡಿಸಿ ತಾಡಪತ್ರಿ ಹೊದಿಸುತ್ತಿರುತ್ತಾರೆ, ಆಗ ಕುಂಚ ಹಿಡಿದು ಕೂರುವುದು ಯಾವ ನ್ಯಾಯದಿಂದಲೂ ಸಾಧ್ಯವಿಲ್ಲ. ಹೀಗಾಗಿ ಲೇಖಕಿಯ ಸಂಗ್ರಹದಲ್ಲಿ ಆ ಕಾಲದ ಹಾಳೆಗಳು ತೀರ ಕಡಿಮೆ, ಇರುವವೂ ಬಹುಪಾಲು ನೆನಪಿನಿಂದ ಬರೆದವು.