ಟ್ಯಾಂಕ್ ಮಾಡಿಸುವಾಗ ಆರ್ಡರಿನಲ್ಲಿ ಏನಿರಬೇಕು?

ಯಂತ್ರ ಕೊಳ್ಳುವಾಗ ಹತ್ತು ಕಡೆ ವಿಚಾರಿಸುವ ಉದ್ದಿಮೆದಾರರು ದ್ರವ ತುಂಬಿಡುವ ಟ್ಯಾಂಕ್ ಮಾಡಿಸುವಾಗ ಒಂದು ಸಾಲಿನ ಆರ್ಡರ್ ಬರೆದು ಮುಗಿಸುವುದುಂಟು. ‘10,000 ಲೀಟರ್ ಎಂ.ಎಸ್. ಟ್ಯಾಂಕ್, ಒಂದು’ ಎಂಬ ಆ ಸಾಲಿಗೆ ಮೂವರು ಫ್ಯಾಬ್ರಿಕೇಟರುಗಳಿಂದ ಮೂರು ದರ ಬರುತ್ತವೆ. ಕಡಿಮೆ ದರದವನಿಗೆ ಆರ್ಡರ್ ಹೋಗುತ್ತದೆ. ಮೂವರೂ ದರ ಹೇಳಿದ್ದು ಒಂದೇ ಬಗೆಯ ಟ್ಯಾಂಕಿಗೆ ಹೌದೋ ಅಲ್ಲವೋ ಎಂದು ವಿಚಾರಿಸುವವರು ವಿರಳ.

ಇಲ್ಲಿ ಹೇಳುತ್ತಿರುವುದು ವೆಂಟ್ ಮೂಲಕ ಹೊರಗಾಳಿಗೆ ತೆರೆದಿರುವ, ಒಳಒತ್ತಡವಿಲ್ಲದ ಸಾದಾ ಟ್ಯಾಂಕುಗಳ ವಿಷಯ. ಒತ್ತಡದ ಪಾತ್ರೆಗಳಿಗೂ ಪೆಟ್ರೋಲಿಯಂ ಸಂಗ್ರಹಕ್ಕೂ ಬೇರೆಯೇ ನಿಯಮಗಳಿವೆ.

2 ಮೀಟರ್ ವ್ಯಾಸ, 3.2 ಮೀಟರ್ ಎತ್ತರದ ನಿಂತ ಟ್ಯಾಂಕಿನಲ್ಲಿ ಸುಮಾರು 10,000 ಲೀಟರ್ ಹಿಡಿಯುತ್ತದೆ. ಸುತ್ತುಗೋಡೆ, ತಳ ಮತ್ತು ಮೇಲ್ಮುಚ್ಚಳ ಸೇರಿ ಪ್ಲೇಟಿನ ವಿಸ್ತೀರ್ಣ ಸುಮಾರು 26.4 ಚದರ ಮೀಟರ್. ಒಂದು ಚದರ ಮೀಟರ್ ಉಕ್ಕಿನ ಪ್ಲೇಟ್ ಒಂದು ಮಿ.ಮೀ. ದಪ್ಪಕ್ಕೆ 7.85 ಕೆ.ಜಿ. ತೂಗುತ್ತದೆ. ಆದ್ದರಿಂದ 6 ಮಿ.ಮೀ. ಪ್ಲೇಟಾದರೆ ಸುಮಾರು 1,243 ಕೆ.ಜಿ., 5 ಮಿ.ಮೀ. ಆದರೆ 1,036 ಕೆ.ಜಿ. ಆರ್ಡರಿನಲ್ಲಿ ದಪ್ಪ ಬರೆಯದೆ ಬಿಟ್ಟರೆ 200 ಕೆ.ಜಿ.ಗೂ ಮೀರಿದ ಉಕ್ಕು ಯಾರ ಪಾಲಿಗೆ ಉಳಿಯುತ್ತದೆಂದು ವ್ಯಾಪಾರಸ್ಥರಿಗೆ ವಿವರಿಸಬೇಕಾಗಿಲ್ಲ. ಇಷ್ಟು ಚಿಕ್ಕ ಟ್ಯಾಂಕಿನಲ್ಲಿ ದ್ರವದ ಭಾರ ತಡೆಯಲು ತೆಳು ಪ್ಲೇಟೂ ಸಾಕಾದೀತು. ದಪ್ಪ ಬೇಕಾಗುವುದು ಬಿಗಿತಕ್ಕೆ ಮತ್ತು ವರ್ಷಗಳ ತುಕ್ಕಿಗೆ. ಮೊದಲ ದಿನ ಎರಡೂ ಒಂದೇ ರೀತಿ ಕಾಣುವುದರಿಂದಲೇ ಕೊಳ್ಳುವವನು ಮೋಸಹೋಗುತ್ತಾನೆ. ದಪ್ಪದೊಡನೆ ಪ್ಲೇಟಿನ ದರ್ಜೆಯನ್ನೂ (ಐ.ಎಸ್. 2062 ಎಂಬಂತೆ) ಬರೆದು ಗಿರಣಿಯ ಪರೀಕ್ಷಾ ಪ್ರಮಾಣಪತ್ರ ಕೇಳಬೇಕು.

ಏನನ್ನು ತುಂಬುವುದೆಂದು ಬರೆಯುವುದು ಇನ್ನೂ ಮುಖ್ಯ. ಮೇಲಿನ ಟ್ಯಾಂಕಿನಲ್ಲಿ ನೀರು 10 ಟನ್ ತೂಗಿದರೆ, 50 ಶೇಕಡಾ ಕಾಸ್ಟಿಕ್ ಲೈ ಸುಮಾರು 15 ಟನ್ ತೂಗುತ್ತದೆ. ಬರಿಯ ನೀರಿಗೆಂದು ಕಟ್ಟಿದ ಅಡಿಪಾಯ, ಕಾಲುಗಳು ಅದಕ್ಕೆ ಸಾಲದೆ ಹೋಗಬಹುದು. ಅಲ್ಯೂಮಿನಿಯಂ ಅಥವಾ ಸತುಲೇಪಿತ ಫಿಟಿಂಗುಗಳನ್ನು ಲೈ ತಿಂದುಹಾಕುತ್ತದೆ. ಕಾನೂನಿನ ದೃಷ್ಟಿಯಿಂದಲೂ ಇದಕ್ಕೆ ಬೆಲೆಯಿದೆ. 1930ರ ಸರಕು ಮಾರಾಟ ಕಾಯಿದೆಯ 16ನೆಯ ಕಲಮಿನ ಪ್ರಕಾರ, ಕೊಳ್ಳುವವನು ತನ್ನ ಉದ್ದೇಶವನ್ನು ತಿಳಿಸಿ, ಆ ಕಸುಬಿನ ಮಾರಾಟಗಾರನ ಪರಿಣತಿಯನ್ನು ನಂಬಿದ್ದರೆ ಮಾತ್ರ ‘ಉದ್ದೇಶಕ್ಕೆ ತಕ್ಕುದಾಗಿರಬೇಕು’ ಎಂಬ ಷರತ್ತು ತಾನಾಗಿ ಸೇರುತ್ತದೆ. ಆದಕಾರಣ ಪ್ರತಿಯೊಂದು ಅಳತೆಯನ್ನೂ ತಾವೇ ವಿಧಿಸಹೋಗದೆ, ದ್ರವ, ಸಾಂದ್ರತೆ, ಉಷ್ಣತೆಗಳನ್ನು ತಿಳಿಸಿ ಫ್ಯಾಬ್ರಿಕೇಟರನಿಂದಲೇ ನಕ್ಷೆ ಪಡೆದು ಒಪ್ಪುವುದು ಲೇಸು.

ಪರೀಕ್ಷೆಯ ವಿಷಯದಲ್ಲಿ ಬೇರೆ ಆರ್ಡರಿನಿಂದ ನಕಲು ಮಾಡಿದ ‘ಪ್ರೆಷರ್ ಟೆಸ್ಟ್ ಆಗಬೇಕು’ ಎಂಬ ಮಾತು ಅಪಾಯಕಾರಿ. 2 ಮೀಟರ್ ವ್ಯಾಸದ ಮುಚ್ಚಳದ ಮೇಲೆ ಚದರ ಸೆಂ.ಮೀ.ಗೆ ಒಂದು ಕೆ.ಜಿ. ಗಾಳಿಯೊತ್ತಡ ಬಿದ್ದರೆ ಒಟ್ಟು ಒತ್ತು 31 ಟನ್ನಿಗೆ ಏರುತ್ತದೆ. ಮುಚ್ಚಳ ಹಾರಿ ಹತ್ತಿರ ನಿಂತವರ ಪ್ರಾಣ ಹೋದೀತು. ಸಾದಾ ಟ್ಯಾಂಕಿಗೆ ಸಲ್ಲುವುದು ನೀರು ತುಂಬಿಸಿ ನೋಡುವ ಪರೀಕ್ಷೆ. ಕಂಠಮಟ್ಟ ನೀರು ತುಂಬಿ, ಒಪ್ಪಿದಷ್ಟು ಹೊತ್ತು, ಉದಾಹರಣೆಗೆ 24 ಗಂಟೆ, ಬಿಟ್ಟು ಪ್ರತಿಯೊಂದು ಬೆಸುಗೆಯನ್ನೂ ಪರೀಕ್ಷಿಸಬೇಕು. ಇದು ಬಣ್ಣ ಬಳಿಯುವ ಮೊದಲೇ ಆಗಬೇಕೆಂದು ಸ್ಪಷ್ಟವಾಗಿ ಬರೆಯತಕ್ಕದ್ದು. ಬಣ್ಣವು ಸೂಜಿಮೊನೆಯಷ್ಟು ತೂತುಗಳನ್ನು ಕೆಲಕಾಲ ಮುಚ್ಚಿಡುತ್ತದೆ. ನೆಲಕ್ಕೆ ತಾಗಿ ಕೂರುವ ತಳದ ಬೆಸುಗೆ ಆಮೇಲೆ ಕಾಣದಾದ್ದರಿಂದ, ಕೂರಿಸುವ ಮುನ್ನವೇ ಒಂದು ಬದಿಗೆ ಸುಣ್ಣ ಬಳಿದು ಇನ್ನೊಂದು ಬದಿಗೆ ಸೀಮೆಎಣ್ಣೆ ಹಚ್ಚಿ ನೋಡುವ ಹಳೆಯ ಕ್ರಮವನ್ನು ಅನುಸರಿಸಬಹುದು. ಸೋರುವಲ್ಲಿ ಸುಣ್ಣದ ಮೇಲೆ ಕಲೆ ಮೂಡುತ್ತದೆ. ಪರೀಕ್ಷೆ ಮುಗಿದು ನೀರು ಬಿಡುವಾಗ ವೆಂಟ್ ತೆರೆದಿರಲೇಬೇಕು. ಇಲ್ಲವಾದರೆ ಗಾಳಿ ಒಳಬರದೆ ಟ್ಯಾಂಕ್ ಒಳಕ್ಕೆ ಕುಸಿಯುತ್ತದೆ.

ಈ ಪರೀಕ್ಷೆಗಳು ಫ್ಯಾಬ್ರಿಕೇಟರನ ಅಂಗಳದಲ್ಲೇ ಕೊಳ್ಳುವವನ ಸಮಕ್ಷಮ ನಡೆಯುವುದು ಹಣಕಾಸಿನ ದೃಷ್ಟಿಯಿಂದ ಅತ್ಯವಶ್ಯ. ಮಾರುವವನು ನೋಂದಾಯಿತ ಸೂಕ್ಷ್ಮ ಅಥವಾ ಸಣ್ಣ ಉದ್ದಿಮೆಯಾಗಿದ್ದರೆ, 2006ರ ಎಂ.ಎಸ್.ಎಂ.ಇ.ಡಿ. ಕಾಯಿದೆಯಂತೆ ಸರಕು ತಲುಪಿದ 15 ದಿನಗಳೊಳಗೆ ಲಿಖಿತ ಆಕ್ಷೇಪಣೆ ಹೋಗದಿದ್ದಲ್ಲಿ ಸರಕು ಸ್ವೀಕೃತವೆಂದೇ ಲೆಕ್ಕ. ಆಮೇಲೆ ಒಪ್ಪಂದ ಏನೇ ಇರಲಿ, 45 ದಿನ ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರರಷ್ಟು ಚಕ್ರಬಡ್ಡಿ ಬೀಳುತ್ತದೆ. ಟ್ಯಾಂಕನ್ನು ಮೂಲೆಯಲ್ಲಿಟ್ಟು ಎರಡು ತಿಂಗಳ ಮೇಲೆ ತುಂಬಿಸಿ, ಸೋರಿತೆಂದು ಹಣ ತಡೆಹಿಡಿದವನಿಗೆ ಈ ಕಾಯಿದೆ ಅನುಕೂಲವಲ್ಲ. ಸರಕು ಮಾರಾಟ ಕಾಯಿದೆಯಲ್ಲೂ ಒಮ್ಮೆ ಸ್ವೀಕರಿಸಿದ ಸರಕನ್ನು ಸಾಮಾನ್ಯವಾಗಿ ಹಿಂದಿರುಗಿಸಲಾಗದು; ನಷ್ಟಪರಿಹಾರ ಕೇಳಬಹುದಷ್ಟೆ.

ಶೇಕಡಾ 10ನ್ನು ವರ್ಷದವರೆಗೆ ಹಿಡಿದಿಟ್ಟುಕೊಳ್ಳುವ ರೂಢಿಯಲ್ಲಿ ಇನ್ನೊಂದು ತೊಡಕಿದೆ. ಇನ್‌ವಾಯ್ಸ್ ದಿನಾಂಕದಿಂದ 180 ದಿನಗಳಲ್ಲಿ ಪಾವತಿಯಾಗದ ಮೊತ್ತಕ್ಕೆ ತಕ್ಕಷ್ಟು ಜಿ.ಎಸ್.ಟಿ. ಕ್ರೆಡಿಟ್ಟನ್ನು ಬಡ್ಡಿಸಹಿತ ಹಿಂದಿರುಗಿಸಿ, ಹಣ ಕೊಟ್ಟ ಮೇಲೆ ಮತ್ತೆ ಪಡೆಯಬೇಕಾಗುತ್ತದೆ. ಪೂರ್ತಿ ಪಾವತಿ ಮಾಡಿ ಅಷ್ಟೇ ಮೊತ್ತಕ್ಕೆ ಬ್ಯಾಂಕ್ ಗ್ಯಾರಂಟಿ ಪಡೆದರೆ ಈ ಓಡಾಟ ತಪ್ಪುತ್ತದೆ. ಅದರ ಕಮಿಷನ್ ಯಾರದ್ದೆಂಬುದನ್ನೂ ಆರ್ಡರಿನಲ್ಲೇ ಬರೆದಿಡಬೇಕು.