ಹಿರಿತುದಿ, ಕಿರಿತುದಿ

ಸಂಸ್ಕೃತ ಶಾಸನಗಳಲ್ಲಿಯೂ ಜ್ಯೋತಿಷ ಗ್ರಂಥಗಳಲ್ಲಿಯೂ ಸಂಖ್ಯೆಗಳನ್ನು ಪದಗಳಿಂದ ಸೂಚಿಸುವ ಪದ್ಧತಿಯೊಂದುಂಟು. ಚಂದ್ರನೆಂದರೆ ಒಂದು, ನೇತ್ರವೆಂದರೆ ಎರಡು, ಋತುವೆಂದರೆ ಆರು. ‘ನೇತ್ರ, ಋತು, ಚಂದ್ರ’ ಎಂಬ ಪದಗಳು ಸಾಲಾಗಿ ಬಂದಾಗ ಅಭ್ಯಾಸವಿಲ್ಲದ ಓದುಗನು ಅದನ್ನು 261 ಎಂದು ತಿಳಿದಾನು. ಬಲ್ಲವನು 162 ಎನ್ನುತ್ತಾನೆ. ಈ ಪದ್ಧತಿಯಲ್ಲಿ ಬಿಡಿಸ್ಥಾನದ ಅಂಕಿಯೇ ಮೊದಲು ಬರುತ್ತದೆ. ಅಂಕಿಗಳ ನಡೆ ಎಡಕ್ಕೆ ಎಂಬುದು ಅದರ ಕಟ್ಟಳೆ. ಈ ಕಟ್ಟಳೆಯನ್ನರಿಯದವನಿಗೆ ಶಾಸನದ ಅಕ್ಷರಗಳೆಲ್ಲ ಸ್ಪಷ್ಟವಾಗಿ ಕಂಡರೂ ಅದರ ಕಾಲ ಮಾತ್ರ ತಪ್ಪಿಹೋಗುತ್ತದೆ. ಆಡುಮಾತಿನಲ್ಲಿಯೂ ಈ ಭೇದವಿದೆ. ಕನ್ನಡಿಗನು ‘ಇಪ್ಪತ್ತೊಂದು’ ಎಂದು ಹತ್ತರ ಸ್ಥಾನವನ್ನು ಮೊದಲು ನುಡಿದರೆ, ಹಿಂದಿಯವನು ‘ಇಕ್ಕೀಸ್’ ಎಂದು ಬಿಡಿಯನ್ನು ಮೊದಲು ನುಡಿಯುತ್ತಾನೆ. ಇಬ್ಬರ ಲೆಕ್ಕವೂ ಸರಿಯೇ.

ಗಣಕಯಂತ್ರಗಳ ಲೋಕದಲ್ಲಿಯೂ ಇಂತಹುದೇ ಒಂದು ಭಿನ್ನತೆ ಬೇರೂರಿದೆ. ಗಣಕದ ಸ್ಮೃತಿಯನ್ನು ಸಾಲಾಗಿ ಜೋಡಿಸಿದ ಅಸಂಖ್ಯ ಗೂಡುಗಳಿಗೆ ಹೋಲಿಸಬಹುದು. ಪ್ರತಿಯೊಂದು ಗೂಡಿಗೂ ಒಂದು ಕ್ರಮಾಂಕವಿರುತ್ತದೆ. ಒಂದೊಂದರಲ್ಲಿಯೂ ಒಂದು ಬೈಟು, ಎಂದರೆ 0ಯಿಂದ 255ರವರೆಗಿನ ಒಂದು ಸಂಖ್ಯೆ ಮಾತ್ರ ಹಿಡಿಯುತ್ತದೆ. ಅದಕ್ಕಿಂತ ದೊಡ್ಡ ಸಂಖ್ಯೆಗೆ ಎರಡೋ ನಾಲ್ಕೋ ಗೂಡುಗಳು ಬೇಕು. 1726 ಎಂಬ ಸಂಖ್ಯೆಯನ್ನು ತೆಗೆದುಕೊಂಡರೆ, ಅದು 256ರ ಆರು ಪಾಲು ಮತ್ತು ಮೇಲೆ 190. ಆದ್ದರಿಂದ ಒಂದು ಗೂಡಿನಲ್ಲಿ 6, ಇನ್ನೊಂದರಲ್ಲಿ 190 ಇರಬೇಕು. ಆದರೆ ಮೊದಲ ಗೂಡಿನಲ್ಲಿ ಯಾವುದು? ಹಿರಿಯ ಬೈಟನ್ನು ಮೊದಲಿಡುವ ಯಂತ್ರ 6, 190 ಎಂದು ಬರೆಯುತ್ತದೆ. ಕಿರಿಯ ಬೈಟನ್ನು ಮೊದಲಿಡುವ ಯಂತ್ರ 190, 6 ಎಂದು ಬರೆಯುತ್ತದೆ. ಒಂದು ಬರೆದುದನ್ನು ಇನ್ನೊಂದು ತನ್ನ ರೂಢಿಯಂತೆ ಓದಿದರೆ 1726 ಹೋಗಿ 48,646 ಆಗುತ್ತದೆ.

ಈ ಎರಡು ರೂಢಿಗಳೂ ಅಕಾರಣವಾಗಿ ಹುಟ್ಟಿದವಲ್ಲ. ಸಂಕಲನ ಮಾಡುವ ಬಾಲಕನು ಬಿಡಿಸ್ಥಾನದಿಂದಲೇ ಆರಂಭಿಸುತ್ತಾನೆ. ದಶಕ ಮುಂದಕ್ಕೆ ಸಾಗಬೇಕಾದರೆ ಬೇರೆ ದಾರಿಯಿಲ್ಲ. ಒಮ್ಮೆಗೆ ಒಂದೊಂದೇ ಬೈಟನ್ನು ಕೂಡುವ ಚಿಕ್ಕ ಯಂತ್ರಕ್ಕೂ ಕಿರಿಯ ಬೈಟು ಮೊದಲು ಕೈಗೆ ಸಿಕ್ಕರೆ ಅನುಕೂಲ. 1972ರಲ್ಲಿ ಬಂದ ಇಂಟೆಲ್ 8008ರಿಂದ 1978ರ 8086ರವರೆಗೆ ಆ ವಂಶದ ಸಂಸ್ಕಾರಕಗಳೆಲ್ಲ ಈ ಮಾರ್ಗವನ್ನೇ ಹಿಡಿದವು. 1964ರಲ್ಲಿ ಪ್ರಕಟವಾದ ಐಬಿಎಂ ಸಂಸ್ಥೆಯ ಸಿಸ್ಟಂ 360 ಇದಕ್ಕೆ ವಿರುದ್ಧವಾಗಿ ಹಿರಿಯ ಬೈಟನ್ನು ಮೊದಲಿಟ್ಟಿತು. ಸ್ಮೃತಿಯನ್ನು ಕಾಗದದ ಮೇಲೆ ಅಚ್ಚುಮಾಡಿ ನೋಡುವವನಿಗೆ ಸಂಖ್ಯೆಗಳು ಬರೆವಣಿಗೆಯ ಕ್ರಮದಲ್ಲಿಯೇ ಕಾಣುವುದು ಇದರ ಗುಣ. ಡಿಜಿಟಲ್ ಸಂಸ್ಥೆಯ ಪಿಡಿಪಿ-11 ಯಂತ್ರದ ನಡೆಯಂತೂ ವಿಚಿತ್ರ. ಅಲ್ಲಿ ಎರಡು ಬೈಟುಗಳ ಜೋಡಿಯೊಳಗೆ ಕಿರಿಯದು ಮೊದಲು; ನಾಲ್ಕು ಬೈಟುಗಳ ದೊಡ್ಡ ಸಂಖ್ಯೆಯಲ್ಲಿ ಹಿರಿಯ ಜೋಡಿ ಮೊದಲು!

ಈ ಭಿನ್ನತೆಗೆ ಹೆಸರು ದೊರೆತದ್ದು ಒಂದು ಕಥೆಯಿಂದ. 1726ರಲ್ಲಿ ಪ್ರಕಟವಾದ ‘ಗಲಿವರನ ಪ್ರವಾಸಗಳು’ ಎಂಬ ಕೃತಿಯಲ್ಲಿ ಜೋನಥನ್ ಸ್ವಿಫ್ಟ್ ಕುಬ್ಜರ ನಾಡೊಂದನ್ನು ಚಿತ್ರಿಸಿದ್ದಾನೆ. ಮೊಟ್ಟೆಯನ್ನು ದೊಡ್ಡ ತುದಿಯಿಂದ ಒಡೆಯಬೇಕೋ ಚಿಕ್ಕ ತುದಿಯಿಂದ ಒಡೆಯಬೇಕೋ ಎಂಬ ವಿವಾದದಲ್ಲಿ ಅಲ್ಲಿ ಹನ್ನೊಂದು ಸಾವಿರ ಜನ ಪ್ರಾಣ ತೆತ್ತಿದ್ದರಂತೆ. ಅಮೆರಿಕದ ಗಣಕವಿಜ್ಞಾನಿ ಡ್ಯಾನಿ ಕೊಹೆನ್ 1980ರ ಏಪ್ರಿಲ್ 1ರಂದು ಹೊರತಂದ ಲೇಖನವೊಂದರಲ್ಲಿ ಆ ಪಂಗಡಗಳ ಹೆಸರುಗಳನ್ನೇ ಯಂತ್ರಗಳಿಗೆ ಕೊಟ್ಟನು. ಹಿರಿಯ ಬೈಟು ಮೊದಲಿದ್ದರೆ ‘ಬಿಗ್ ಎಂಡಿಯನ್’, ಎಂದರೆ ಹಿರಿತುದಿಯ ಪಂಗಡ. ಕಿರಿಯದು ಮೊದಲಿದ್ದರೆ ‘ಲಿಟ್ಲ್ ಎಂಡಿಯನ್’, ಕಿರಿತುದಿಯ ಪಂಗಡ. ದಿನಾಂಕ ನಗೆಯದಾದರೂ ಅವನ ವಾದ ನಗೆಯದಾಗಿರಲಿಲ್ಲ. ಯಾವ ಕ್ರಮ ಗೆದ್ದಿತೆಂಬುದಕ್ಕಿಂತ ಎಲ್ಲರೂ ಒಂದು ಕ್ರಮಕ್ಕೆ ಒಪ್ಪುವುದೇ ಮುಖ್ಯವೆಂದು ಅವನು ತೋರಿಸಿಕೊಟ್ಟನು.

ಆ ವೇಳೆಗಾಗಲೇ ಇದರ ಪೆಟ್ಟು ಬಿದ್ದಾಗಿತ್ತು. ಗಣಕದ ಸ್ಮೃತಿ, ಡಿಸ್ಕು, ತಂತಿ ಮುಂತಾದವನ್ನು ನೇರವಾಗಿ ಆಳುವ ತಂತ್ರಾಂಶಕ್ಕೆ ಕಾರ್ಯಾಚರಣ ವ್ಯವಸ್ಥೆ ಎಂದು ಹೆಸರು. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ರೂಪುಗೊಂಡ ಯುನಿಕ್ಸ್ ಅಂತಹ ಒಂದು ವ್ಯವಸ್ಥೆ. ಪಿಡಿಪಿ-11ರಲ್ಲಿ ಬೆಳೆದ ಅದನ್ನು ಡೆನ್ನಿಸ್ ರಿಚೀ ಮತ್ತು ಸ್ಟೀಫನ್ ಜಾನ್ಸನ್ ಹಿರಿತುದಿಯ ಇಂಟರ್‌ಡೇಟಾ 8/32 ಯಂತ್ರಕ್ಕೆ ಒಯ್ದು, ಆ ಅನುಭವವನ್ನು 1978ರಲ್ಲಿ ಪ್ರಕಟಿಸಿದರು. ಇಂತಹ ಸಾಗಣೆಗಳಲ್ಲಿ ಎದುರಾದ ಬೈಟುಗಳ ತೊಡಕಿಗೆ ‘ನುಕ್ಸಿ’ ಎಂಬ ಅಡ್ಡಹೆಸರು ಬಿದ್ದಿತು. ಯು, ಎನ್, ಐ, ಎಕ್ಸ್ ಎಂಬ ನಾಲ್ಕು ಅಕ್ಷರಗಳನ್ನು ಎರಡೆರಡಾಗಿ ಹಿಡಿದು ಪ್ರತಿ ಜೋಡಿಯನ್ನೂ ತಿರುಗಿಸಿದರೆ ಎನ್, ಯು, ಎಕ್ಸ್, ಐ ಆಗುತ್ತದೆಯಷ್ಟೆ! ಹೆಸರು ಕೆಟ್ಟರೆ ಕಣ್ಣಿಗೆ ಕಾಣುತ್ತದೆ. ಸಂಖ್ಯೆ ಕೆಟ್ಟರೆ ಕಾಣುವುದಿಲ್ಲ. ಡಿಸ್ಕಿನ ಮೇಲೆ ನಾಲ್ಕು ಬೈಟುಗಳಲ್ಲಿ ಬರೆದಿಟ್ಟ 1 ಎಂಬ ಉದ್ದವನ್ನು ತಿರುಗುಮುರುಗಾಗಿ ಓದಿದ ವ್ಯವಸ್ಥೆ ಅದನ್ನು 1,67,77,216 ಎಂದು ನಂಬುತ್ತದೆ. ನಂಬಿ, ಯಾರದೋ ಕಡತದ ಮೇಲೆ ಬರೆಯತೊಡಗುತ್ತದೆ.

ಈ ದೋಷದ ಸ್ವಭಾವವೇ ಕಪಟವಾದುದು. ಒಂದೇ ಯಂತ್ರ ಬರೆದು, ಅದೇ ಯಂತ್ರ ಓದುವವರೆಗೆ ಕ್ರಮ ಯಾವುದಾದರೂ ಉತ್ತರ ಸರಿಯಾಗಿಯೇ ಬರುತ್ತದೆ. ತಂತ್ರಾಂಶ ಬರೆದವನು ತನ್ನ ಮೇಜಿನ ಮೇಲೆ ಸಾವಿರ ಸಲ ಪರೀಕ್ಷಿಸಿದರೂ ತಪ್ಪು ತಲೆಯೆತ್ತುವುದಿಲ್ಲ. ಡಿಸ್ಕು ಬೇರೊಂದು ಯಂತ್ರಕ್ಕೆ ಹೋದ ದಿನ, ಅಥವಾ ಸಂದೇಶವು ತಂತಿಯ ಆಚೆಯ ತುದಿಯನ್ನು ಮುಟ್ಟಿದ ಗಳಿಗೆಯಲ್ಲಿ ಅದು ಹೊರಬೀಳುತ್ತದೆ. ಆದ್ದರಿಂದ ಕಾವಲಿರಬೇಕಾದುದು ಗಡಿಯಲ್ಲಿ. ಗಡಿ ದಾಟುವ ಪ್ರತಿಯೊಂದು ಸಂಖ್ಯೆಗೂ ಕ್ರಮವೊಂದನ್ನು ಮೊದಲೇ ಗೊತ್ತುಮಾಡಿ ಬರೆದಿಡಬೇಕು. ಒಳಬರುವಾಗ ಒಮ್ಮೆ, ಹೊರಹೋಗುವಾಗ ಒಮ್ಮೆ ಪರಿವರ್ತಿಸಬೇಕು. ನಡುವೆ ಎಲ್ಲಿಯೂ ಮುಟ್ಟಬಾರದು. ಎರಡು ಸಲ ತಿರುಗಿಸಿದ ಸಂಖ್ಯೆಯೂ ತಿರುಗಿಸದೆ ಬಿಟ್ಟ ಸಂಖ್ಯೆಯೂ ಒಂದೇ ಅಲ್ಲವೆ? 1981ರಲ್ಲಿ ಪ್ರಕಟವಾದ ಇಂಟರ್‌ನೆಟ್ಟಿನ ನಿಯಮಾವಳಿ ಹಿರಿತುದಿಯ ಕ್ರಮವನ್ನು ಗೊತ್ತುಮಾಡಿತು. 1983ರಲ್ಲಿ ಬರ್ಕಲಿ ವಿಶ್ವವಿದ್ಯಾಲಯದಿಂದ ಹೊರಬಂದ ಯುನಿಕ್ಸ್ ಆವೃತ್ತಿಯಲ್ಲಿ ಯಂತ್ರದ ಕ್ರಮದಿಂದ ಜಾಲದ ಕ್ರಮಕ್ಕೂ ಜಾಲದ ಕ್ರಮದಿಂದ ಯಂತ್ರದ ಕ್ರಮಕ್ಕೂ ತಿರುಗಿಸುವ ನಾಲ್ಕು ಪುಟ್ಟ ವಿಧಿಗಳಿದ್ದವು. ಹಿರಿತುದಿಯ ಯಂತ್ರದಲ್ಲಿ ಅವು ಏನನ್ನೂ ಮಾಡುವುದಿಲ್ಲ. ಆದರೂ ಅವುಗಳನ್ನು ಕರೆಯುವುದನ್ನು ಮರೆತವನ ತಂತ್ರಾಂಶ ಕಿರಿತುದಿಯ ಯಂತ್ರದಲ್ಲಿ ಮುಗ್ಗರಿಸುತ್ತದೆ.

ಇದಕ್ಕಿಂತಲೂ ಸರಳವಾದ ಉಪಾಯವೊಂದಿದೆ. ಹೊರಗಿನಿಂದ ಬಂದ ಬೈಟುಗಳು ಹಿರಿತುದಿಯವೆಂದು ತಿಳಿದಿದ್ದರೆ, ಮೊದಲನೆಯದನ್ನು 256ರಿಂದ ಗುಣಿಸಿ ಎರಡನೆಯದನ್ನು ಕೂಡಿದರೆ ಸಾಕು. ಈ ಗಣಿತವು ಎಲ್ಲ ಯಂತ್ರಗಳಲ್ಲಿಯೂ ಒಂದೇ ಉತ್ತರವನ್ನು ಕೊಡುತ್ತದೆ; ತಾನು ಯಾವ ಪಂಗಡದ ಯಂತ್ರದಲ್ಲಿ ಓಡುತ್ತಿರುವೆನೆಂದು ತಂತ್ರಾಂಶವು ವಿಚಾರಿಸಬೇಕಾದುದೇ ಇಲ್ಲ. ಯಂತ್ರದ ಕುಲವನ್ನು ಕೇಳಿ ಎರಡು ಬಗೆಯ ವಿಧಿಗಳನ್ನು ಬರೆಯುವವನು ತನ್ನ ಕೆಲಸವನ್ನೂ ತಪ್ಪಿನ ಅವಕಾಶವನ್ನೂ ಇಮ್ಮಡಿಸಿಕೊಳ್ಳುತ್ತಾನೆ.

ಲೀನಸ್ ಟೊರ್ವಾಲ್ಡ್ಸ್ 1991ರಲ್ಲಿ ಆರಂಭಿಸಿದ ಲಿನಕ್ಸ್ ವ್ಯವಸ್ಥೆಯೂ ಈ ಪಾಠವನ್ನು ನಡೆದೇ ಕಲಿಯಿತು. ಅದು ಹುಟ್ಟಿದ್ದು ಕಿರಿತುದಿಯ ಇಂಟೆಲ್ 386 ಯಂತ್ರದಲ್ಲಿ. ಬಳಿಕ ಅದು ಹಿರಿತುದಿಯ ಮೊಟರೋಲಾ 68000 ವಂಶದ ಯಂತ್ರಗಳಿಗೆ ಹೋದಾಗ, ‘ಎಕ್ಸ್‌ಟ್2’ ಎಂಬ ಅದರ ಕಡತವ್ಯವಸ್ಥೆಯನ್ನು ಅಲ್ಲಿನ ಯಂತ್ರಗಳು ತಮ್ಮ ಕ್ರಮದಲ್ಲಿಯೇ ಡಿಸ್ಕಿನ ಮೇಲೆ ಬರೆದವು. ಹೀಗೆ ಒಂದೇ ಹೆಸರಿನ ಎರಡು ಬಗೆಯ ಡಿಸ್ಕುಗಳು ಹುಟ್ಟಿದವು. ಕೊನೆಗೆ ಎಲ್ಲ ಯಂತ್ರಗಳಿಗೂ ಕಿರಿತುದಿಯ ಕ್ರಮವನ್ನೇ ವಿಧಿಸಿ, ಹಳೆಯ ಡಿಸ್ಕುಗಳನ್ನು ತಿರುಗಿಸಿಕೊಡುವ ಏರ್ಪಾಡನ್ನು ದುರಸ್ತಿಯ ತಂತ್ರಾಂಶದಲ್ಲಿ ಸೇರಿಸಬೇಕಾಯಿತು. ಸಿಲಿಕಾನ್ ಗ್ರಾಫಿಕ್ಸ್ ಸಂಸ್ಥೆಯಿಂದ ಬಂದ ‘ಎಕ್ಸ್‌ಎಫ್‌ಎಸ್’ ಎಂಬ ಇನ್ನೊಂದು ಕಡತವ್ಯವಸ್ಥೆ ಹಿರಿತುದಿಯದು. ಅದೂ ಲಿನಕ್ಸಿನಲ್ಲಿ ನಿರಾತಂಕವಾಗಿ ನಡೆಯುತ್ತದೆ. ಲಿನಕ್ಸಿನ ಮೂಲಬರೆಹದಲ್ಲಿ ಈಗ ಕಿರಿತುದಿಯ ಸಂಖ್ಯೆ, ಹಿರಿತುದಿಯ ಸಂಖ್ಯೆ, ಯಂತ್ರದ ಸ್ವಂತ ಸಂಖ್ಯೆ ಎಂದು ಬೇರೆ ಬೇರೆ ಜಾತಿಗಳನ್ನು ಹೆಸರಿಸಲಾಗುತ್ತದೆ. ಒಂದನ್ನು ಪರಿವರ್ತಿಸದೆ ಇನ್ನೊಂದರ ಜಾಗದಲ್ಲಿಟ್ಟರೆ, ಟೊರ್ವಾಲ್ಡ್ಸ್ ಅವರೇ ಮೊದಲಿಗೆ ಬರೆದ ‘ಸ್ಪಾರ್ಸ್’ ಎಂಬ ಪರೀಕ್ಷಕವು ಯಂತ್ರ ಓಡುವ ಮೊದಲೇ ಎಚ್ಚರಿಸುತ್ತದೆ. ಮನುಷ್ಯನ ನೆನಪನ್ನು ನೆಚ್ಚದೆ ಹೆಸರುಗಳಿಗೆ ಕಾವಲನ್ನು ವಹಿಸಿದ ಈ ಕ್ರಮ ನಿಜಕ್ಕೂ ಮೆಚ್ಚತಕ್ಕದ್ದು.

ಇಂದು ಮೇಜಿನ ಗಣಕಗಳೂ ಕೈಯ ಫೋನುಗಳೂ ಬಹುಪಾಲು ಕಿರಿತುದಿಯ ಪಂಗಡಕ್ಕೆ ಸೇರಿವೆ. ಇಂಟರ್‌ನೆಟ್ಟಿನ ನಿಯಮಾವಳಿ ಮಾತ್ರ 1981ರ ಹಿರಿತುದಿಯಲ್ಲಿಯೇ ಉಳಿದಿದೆ. ಇಂಟೆಲ್ ಸಂಸ್ಥೆಯು 1989ರ 80486 ಸಂಸ್ಕಾರಕದಲ್ಲಿ ಬೈಟುಗಳನ್ನು ತಿರುಗಿಸುವುದಕ್ಕೆಂದೇ ಒಂದು ಆದೇಶವನ್ನು ಸೇರಿಸಿತು. ಸುರಕ್ಷಿತ ಜಾಲಪುಟವೊಂದನ್ನು ಫೋನಿನಲ್ಲಿ ತೆರೆದಾಗ ಸಂದೇಶದ ಮೇಲೆ 443 ಎಂಬ ದ್ವಾರಸಂಖ್ಯೆಯನ್ನು ನಮೂದಿಸಬೇಕಾಗುತ್ತದೆ. ಫೋನಿನೊಳಗೆ 187, 1 ಎಂದಿದ್ದ ಆ ಸಂಖ್ಯೆ ಹೊರಡುವ ಮುನ್ನ 1, 187 ಎಂದು ತಿರುಗುತ್ತದೆ. ಸಮುದ್ರವನ್ನೇ ದಾಟಿ, ಬಹುಮಟ್ಟಿಗೆ ಇನ್ನೊಂದು ಕಿರಿತುದಿಯ ಯಂತ್ರವನ್ನೇ ಸೇರಿ, ಅಲ್ಲಿ ಪುನಃ 187, 1 ಆಗುತ್ತದೆ.