ಮಾರ್ಗೇಟ್‌ನ ಮರದ ಕೋಸ್ಟರ್: ಸವಾರಿ, ಆರೈಕೆ, ಬೆಂಕಿ

ಇಂಗ್ಲೆಂಡಿನ ಆಗ್ನೇಯ ಕರಾವಳಿಯ ಮಾರ್ಗೇಟ್ ಪಟ್ಟಣದ ಡ್ರೀಮ್‌ಲ್ಯಾಂಡ್ ಉದ್ಯಾನದಲ್ಲಿರುವ ಸೀನಿಕ್ ರೈಲ್ವೆ 1920ರಲ್ಲಿ ಆರಂಭವಾದ ಮರದ ರೋಲರ್ ಕೋಸ್ಟರ್. ಎತ್ತರ ಸುಮಾರು 40 ಅಡಿ. ಇಂದಿನ ಉಕ್ಕಿನ ಕೋಸ್ಟರ್‌ಗಳ ಪಕ್ಕದಲ್ಲಿ ಇದು ಗಿಡ್ಡ. ಆದರೆ ಇದರ ಗಾಡಿಯಲ್ಲಿ ಸವಾರರ ಜೊತೆಗೇ ಬ್ರೇಕ್‌ಮನ್ ಹೋಗುತ್ತಾನೆ. ಉಕ್ಕಿನ ಹಗ್ಗ ಗಾಡಿಯನ್ನು ದಿಬ್ಬದ ಮೇಲಕ್ಕೆ ಎಳೆದು ಬಿಟ್ಟಮೇಲೆ ವೇಗದ ಹೊಣೆಯೆಲ್ಲ ಅವನದೇ.

ಹಳಿಯನ್ನು ಕೆಳಗಿನಿಂದ ಹಿಡಿದುಕೊಳ್ಳುವ ಚಕ್ರಕ್ಕೆ ಅಮೆರಿಕದ ಜಾನ್ ಮಿಲ್ಲರ್ ಪೇಟೆಂಟ್ ಪಡೆದದ್ದು 1919ರಲ್ಲಿ. ಸೀನಿಕ್ ರೈಲ್ವೆ ಎಂಬ ಬಗೆಯ ಕೋಸ್ಟರ್‌ಗಳು ಅದಕ್ಕೂ ಹಿಂದಿನ ವಿನ್ಯಾಸದವು, ಅವುಗಳಲ್ಲಿ ಅಂಥ ಚಕ್ರವಿಲ್ಲ. ಇಳಿಜಾರಿನಲ್ಲಿ ವೇಗ ಮಿತಿಮೀರಿದರೆ ಮುಂದಿನ ದಿಬ್ಬದ ನೆತ್ತಿಯಲ್ಲಿ ಚಕ್ರ ಹಳಿ ಬಿಟ್ಟು ಮೇಲೇಳುವ ಅಪಾಯವಿದೆ. ಬ್ರೇಕು ಹೆಚ್ಚು ಬಿಗಿದರೆ ಗಾಡಿ ಮುಂದಿನ ದಿಬ್ಬ ಹತ್ತಲಾಗದೆ ತಗ್ಗಿನಲ್ಲೇ ನಿಂತುಬಿಡುತ್ತದೆ. ತುಂಬಿದ ಗಾಡಿಗೆ ಹಿಡಿದಷ್ಟು ಬ್ರೇಕನ್ನು ಅರೆಖಾಲಿ ಗಾಡಿಗೆ ಹಿಡಿಯುವಂತಿಲ್ಲ. ತಂಪು ಬೆಳಗ್ಗೆ ಗ್ರೀಸು ಗಟ್ಟಿಯಾಗಿದ್ದು ಗಾಡಿ ಮಂದವಾಗಿ ಓಡುತ್ತದೆ, ಮಧ್ಯಾಹ್ನದ ಬಿಸಿಲಿಗೆ ಅದೇ ಗಾಡಿ ಚುರುಕಾಗುತ್ತದೆ, ಮಳೆ ಬಿದ್ದರೆ ಬ್ರೇಕಿನ ಹಿಡಿತ ಸಡಿಲುತ್ತದೆ. ಈ ಲೆಕ್ಕ ಪುಸ್ತಕದಿಂದ ಬರುವುದಿಲ್ಲ, ಹಳಬನ ಪಕ್ಕದಲ್ಲಿ ನಿಂತು ಕಲಿಯಬೇಕು. ಸವಾರರಿಗೆ ಹೇಳಬೇಕಾದದ್ದು ಕಡಿಮೆ: ಹಿಂದಿನ ಸೀಟಿನವರಿಗೆ ನೆತ್ತಿ ದಾಟುವಾಗ ಎಳೆತ ಜೋರು, ಕುಲುಕಾಟ ಬೇಡದವರು ಚಕ್ರದ ಮೇಲಿನ ಸೀಟು ಬಿಟ್ಟು ಕೂರಬೇಕು, ಗಾಡಿ ಪೂರ್ತಿ ನಿಲ್ಲುವವರೆಗೆ ಏಳಬಾರದು.

ಮರ ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಕುಗ್ಗುತ್ತದೆ. ಹೀಗೆ ಉಬ್ಬಿ ಕುಗ್ಗುವುದರಿಂದಲೇ ಬೋಲ್ಟುಗಳು ಸಡಿಲಾಗುತ್ತವೆ. ಆದ್ದರಿಂದ ಮರದ ಕೋಸ್ಟರ್ ನಡೆಸುವವರು ಗಾಡಿ ಬಿಡುವ ಮುನ್ನ ಹಳಿಯ ಉದ್ದಕ್ಕೂ ನಡೆದು, ನಟ್ಟು ಬಿಗಿದು, ಮೇಲಿನ ಉಕ್ಕಿನ ಪಟ್ಟಿ ಎದ್ದಿದೆಯೇ ನೋಡಿ, ಕೊಳೆತ ಹಲಗೆ ಬದಲಿಸುತ್ತಾರೆ. ಕಡಲ ಉಪ್ಪುಗಾಳಿಗೆ ಕಬ್ಬಿಣ ಬೇಗ ತುಕ್ಕು ಹಿಡಿಯುವುದರಿಂದ ಮಾರ್ಗೇಟ್‌ನಲ್ಲಿ ಈ ಕೆಲಸ ಇನ್ನೂ ಹೆಚ್ಚು. ಗಾಡಿಯಲ್ಲಿ ಮೊದಲು ನೋಡಬೇಕಾದವು ಬೇರಿಂಗು, ಅಚ್ಚು ಮತ್ತು ಬ್ರೇಕಿನ ಸವೆತ.

ಇಷ್ಟೆಲ್ಲ ಆರೈಕೆ ಬೇಡುವ ರಚನೆಗೆ ಜನರಿಲ್ಲದಿರುವುದೇ ದೊಡ್ಡ ಶತ್ರು. 2002ರಲ್ಲಿ ಇದು ಸಂರಕ್ಷಿತ ಕಟ್ಟಡಗಳ ಪಟ್ಟಿಗೆ ಸೇರಿತ್ತು. ಬ್ರಿಟನ್ನಿನಲ್ಲಿ ಆ ಮನ್ನಣೆ ಪಡೆದ ಮೊದಲ ಮನರಂಜನಾ ಸವಾರಿ ಇದೇ. ಪಟ್ಟಿಯಲ್ಲಿ ಹೆಸರಿದ್ದ ಮಾತ್ರಕ್ಕೆ ಕಾವಲು ದೊರೆಯಲಿಲ್ಲ. ಉದ್ಯಾನ ಮುಚ್ಚಿಬಿದ್ದಿದ್ದ ಕಾಲದಲ್ಲಿ, 2008ರ ಏಪ್ರಿಲ್ 7ರಂದು, ಬೆಂಕಿ ಬಿತ್ತು. ಬೇಕೆಂದೇ ಹಚ್ಚಿದ್ದೆಂಬ ಶಂಕೆ ಆಗಲೇ ಎದ್ದಿತು. ಒಣಮರದ ತೊಲೆ, ಅಡ್ಡಪಟ್ಟಿಗಳ ನಡುವೆ ಗಾಳಿಯಾಡಲು ಜಾಗವಿದ್ದುದರಿಂದ ಜ್ವಾಲೆಯನ್ನು ತಡೆಯುವಂಥದ್ದು ಏನೂ ಇರಲಿಲ್ಲ. ಕಪ್ಪುಹೊಗೆ ಊರಿನ ಮೇಲೆ ಎದ್ದು ನಿಂತಿತು. ರಚನೆಯ ಸುಮಾರು ಕಾಲುಭಾಗ ಸುಟ್ಟಿತು. ಅದಕ್ಕಿಂತ ಘೋರವಾದ ನಷ್ಟವೆಂದರೆ ಒಳಗಿಟ್ಟಿದ್ದ ಹಳೆಯ ಗಾಡಿಗಳು. ಸುಟ್ಟು ಕರಕಲಾದ ತೊಲೆಯ ಜಾಗದಲ್ಲಿ ಅದೇ ಅಳತೆಯ ಹೊಸ ತೊಲೆ ನಿಲ್ಲಿಸಬಹುದು. ದಶಕಗಳ ಕಾಲ ಬ್ರೇಕ್‌ಮನ್‌ಗಳ ಕೈಗೆ ಒಗ್ಗಿದ್ದ ಗಾಡಿ ಮತ್ತೆ ಸಿಗುವುದಿಲ್ಲ. ಬೆಂಕಿಯನ್ನು ಯಾರಾದರೂ ಹಚ್ಚಿದ್ದರೆ ತಪ್ಪು ಅವರದಷ್ಟೇ ಅಲ್ಲ, ಇಂಥದ್ದನ್ನು ಕಾಯದೆ ಬಿಟ್ಟವರದೂ ಹೌದು.

ಉದ್ಯಾನವನ್ನು ಉಳಿಸಲು ಮೊದಲೇ ಹೋರಾಡುತ್ತಿದ್ದ ಊರಿನವರು ಬೆಂಕಿಯ ನಂತರವೂ ಕೈಬಿಡಲಿಲ್ಲ. 2011ರಲ್ಲಿ ಸಂರಕ್ಷಣಾ ದರ್ಜೆ ಏರಿತು, 2013ರಲ್ಲಿ ಸ್ಥಳೀಯ ಆಡಳಿತ ಜಾಗವನ್ನು ಕಡ್ಡಾಯ ಖರೀದಿಯಿಂದ ವಶಕ್ಕೆ ತೆಗೆದುಕೊಂಡಿತು. ಹಳಿ ಪುನರ್ನಿರ್ಮಾಣಗೊಂಡು, ಹೊಸ ಗಾಡಿಗಳು ತಯಾರಾಗಿ, 2015ರ ಅಕ್ಟೋಬರಿನಲ್ಲಿ ಸವಾರಿ ಮರಳಿ ಶುರುವಾಯಿತು. ಹೊಸ ಗಾಡಿಗಳಲ್ಲೂ ಬ್ರೇಕ್‌ಮನ್ನನ ಸ್ಥಾನವನ್ನು ಉಳಿಸಿಕೊಳ್ಳಲಾಯಿತು.